ಕೋಡ್ ಕೊಡಿಸುತ್ತದೆ, ವಾಪಸು ಕೊಡಿಸುವವರು ಯಾರು?

ಬೆಂಗಳೂರಿನಲ್ಲಿ ಸ್ಟಾರ್ಟಪ್ ಮಂದಿ ಸೇರುವ ಕಡೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: ಛಾಪಾ ಕಾಗದ, ನೋಟರಿ, ಲಾಯರ್ ನೋಟಿಸು, ಕೋರ್ಟಿನ ವಾಯಿದೆ ಎಲ್ಲಕ್ಕೂ ಕೊನೆಗಾಲ ಬಂತು, ಸ್ಮಾರ್ಟ್ ಕಾಂಟ್ರ್ಯಾಕ್ಟ್ ಬಂದಿದೆ. ಷರತ್ತನ್ನು ಕೋಡಿನಲ್ಲಿ ಬರೆದು ಬ್ಲಾಕ್‌ಚೈನಿಗೆ ಏರಿಸಿಬಿಟ್ಟರೆ, ಷರತ್ತು ಪೂರೈಸಿದ ಕ್ಷಣವೇ ಹಣ ತಾನಾಗಿ ಸೇರಬೇಕಾದವರಿಗೆ ಸೇರುತ್ತದೆ. ಮಾತಿನ ಎರಡನೆಯ ಭಾಗ ನಿಜ. ಅದರಿಂದ ಮೊದಲನೆಯದನ್ನು ಹೊರಡಿಸುವುದು ಅವಸರದ ತೀರ್ಮಾನ.

ಈ ಹೆಸರನ್ನು 1994ರಲ್ಲಿ ಇಟ್ಟವರು ನಿಕ್ ಸ್ಯಾಬೊ. ಕಂಪ್ಯೂಟರ್ ವಿಜ್ಞಾನವನ್ನೂ ಕಾನೂನನ್ನೂ ಓದಿಕೊಂಡ ಅಮೆರಿಕನ್. ಇದರ ಪೂರ್ವಜ ಯಾರೆಂದರೆ ಅವರು ತೋರಿಸಿದ್ದು, ನಾಣ್ಯ ಹಾಕಿದರೆ ತಂಪು ಪಾನೀಯ ಉದುರಿಸುವ ಯಂತ್ರವನ್ನು. 2015ರ ಜುಲೈನಲ್ಲಿ ಇಥೀರಿಯಂ ಎಂಬ ಬ್ಲಾಕ್‌ಚೈನ್ ಚಾಲನೆಗೆ ಬಂದ ಮೇಲೆ ಯಾರು ಬೇಕಾದರೂ ಇಂಥ ಪುಟ್ಟ ಪ್ರೋಗ್ರಾಂ ಬರೆದು, ಸಾವಿರಾರು ಕಂಪ್ಯೂಟರುಗಳು ಒಟ್ಟಾಗಿ ಕಾಯುವ ಲೆಕ್ಕದ ಪುಸ್ತಕದಲ್ಲಿ ಇಡಬಹುದಾಯಿತು. ಅದರ ಬಗ್ಗೆ ಹಬ್ಬಿರುವ ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಹೆಸರಿನಲ್ಲೇ ಕಾಂಟ್ರ್ಯಾಕ್ಟ್ ಇದೆ, ಹಾಗಾಗಿ ಅದು ಕರಾರೇ.

ವಾಸ್ತವ: ಕೆಲವೊಮ್ಮೆ ಹೌದು, ಬಹಳ ಸಲ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 10ನೇ ಕಲಂ ಪ್ರಕಾರ ಒಂದು ಒಪ್ಪಂದ ಕರಾರಾಗಲು ಕರಾರು ಮಾಡಿಕೊಳ್ಳುವ ಅರ್ಹತೆ ಇರುವ ಇಬ್ಬರು ಬೇಕು, ಮುಕ್ತ ಸಮ್ಮತಿ ಬೇಕು, ಕಾನೂನುಬದ್ಧ ಪ್ರತಿಫಲ ಮತ್ತು ಉದ್ದೇಶ ಬೇಕು. ಪ್ರೋಗ್ರಾಂ ಇವುಗಳಲ್ಲಿ ಯಾವುದನ್ನೂ ಕೇಳುವುದಿಲ್ಲ. ಅದು ನೋಡುವುದು ಸರಿಯಾದ ಕೀಲಿ ಬಿತ್ತೇ, ಷರತ್ತು ಪೂರೈಸಿತೇ ಎಂಬುದನ್ನು ಮಾತ್ರ. ಆ ಕೀಲಿ ಹದಿನಾರು ವರ್ಷದ ಹುಡುಗನ ಕೈಯಲ್ಲಿದ್ದರೂ ಅದಕ್ಕೆ ಒಂದೇ. ನಮ್ಮ ಕಾನೂನಿಗೆ ಒಂದೇ ಅಲ್ಲ: ಅಪ್ರಾಪ್ತ ವಯಸ್ಕರ ಒಪ್ಪಂದ ಮೊದಲಿನಿಂದಲೇ ಅನೂರ್ಜಿತ ಎಂದು ಪ್ರಿವಿ ಕೌನ್ಸಿಲ್ 1903ರಲ್ಲೇ, ಮೊಹರಿ ಬೀಬಿ ಪ್ರಕರಣದಲ್ಲಿ ಹೇಳಿಬಿಟ್ಟಿದೆ.

ಇಂಗ್ಲೆಂಡಿನ ಕಾನೂನು ಆಯೋಗ 2021ರ ನವೆಂಬರಿನಲ್ಲಿ ಇದನ್ನು ಮೂರು ಬಗೆಯಾಗಿ ವಿಂಗಡಿಸಿತು. ಮಾಮೂಲಿ ಭಾಷೆಯಲ್ಲಿ ಬರೆದ ಕರಾರು, ಅದನ್ನು ನೆರವೇರಿಸಲು ಮಾತ್ರ ಕೋಡ್; ಅರ್ಧ ಭಾಷೆ, ಅರ್ಧ ಕೋಡ್; ಪೂರ್ತಿ ಕೋಡ್. ಹೊಸ ಕಾಯ್ದೆ ಬೇಕಿಲ್ಲ, ಇರುವ ಕರಾರು ಕಾನೂನೇ ಈ ಮೂರಕ್ಕೂ ಸಾಕು ಎಂಬುದು ಅದರ ತೀರ್ಮಾನ. ಇನ್ನೊಂದು ಕಡೆ, ಟಾರ್ನೆಡೊ ಕ್ಯಾಶ್ ಎಂಬ ಕ್ರಿಪ್ಟೊ ಸೇವೆಯ ಪ್ರಕರಣದಲ್ಲಿ ಅಮೆರಿಕದ ಐದನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2024ರ ನವೆಂಬರಿನಲ್ಲಿ, ಯಾರ ಹಿಡಿತಕ್ಕೂ ಸಿಗದ, ತಿದ್ದಲಾಗದ ಅಂಥ ಪ್ರೋಗ್ರಾಂ ಯಾರ ಆಸ್ತಿಯೂ ಅಲ್ಲ, ಕರಾರೂ ಅಲ್ಲ ಎಂದಿತು. ಕರಾರಾಗಬೇಕಾದರೆ ಆಚೆ ಬದಿಯಲ್ಲಿ ಯಾರಾದರೂ ಇರಬೇಕಷ್ಟೆ.

ನಿಮ್ಮ ಮೊಬೈಲಿಗೆ ಬರುವ ಬ್ಯಾಂಕಿನ ಎಸ್ಸೆಮ್ಮೆಸ್ ಕೂಡ ಇಂಥದೊಂದು ಪ್ರೋಗ್ರಾಮಿನ ಕೈ ದಾಟಿ ಬಂದದ್ದು. ದೂರಸಂಪರ್ಕ ನಿಯಂತ್ರಕ ಟ್ರಾಯ್ 2018ರಲ್ಲಿ ಹೊರಡಿಸಿದ ವಾಣಿಜ್ಯ ಸಂದೇಶಗಳ ನಿಯಮಾವಳಿಯಲ್ಲಿ ಸ್ಮಾರ್ಟ್ ಕಾಂಟ್ರ್ಯಾಕ್ಟಿಗೆ ವ್ಯಾಖ್ಯೆಯೇ ಇದೆ. ಕಳಿಸುವವರ ಹೆಸರು, ಸಂದೇಶದ ನಮೂನೆ ನೋಂದಣಿಯಾಗಿದೆಯೇ ಎಂದು ತಪಾಸಣೆ ಮಾಡುವುದು ಅಲ್ಲಿ ಅದರ ಕೆಲಸ. ಅದನ್ನು ಕರಾರು ಎನ್ನುವುದಕ್ಕಿಂತ ಗೇಟಿನ ಕಾವಲು ಎಂದರೆ ಸರಿಹೋದೀತು.

ತಪ್ಪು ಕಲ್ಪನೆ: ಭಾರತದಲ್ಲಿ ಇದಕ್ಕೆ ಕಾನೂನೇ ಇಲ್ಲ.

ವಾಸ್ತವ: ಪ್ರತ್ಯೇಕ ಕಾಯ್ದೆ ಇಲ್ಲ, ಅಷ್ಟೇ. ಇಲೆಕ್ಟ್ರಾನಿಕ್ ಮಾರ್ಗದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಕರಾರನ್ನು ತಳ್ಳಿಹಾಕುವಂತಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ. ಇನ್ನೂ ಕುತೂಹಲದ್ದು 11ನೇ ಕಲಂ, ಅದು 2000ನೇ ಇಸವಿಯಿಂದಲೇ ಇದೆ: ತಾನಾಗಿ ಕೆಲಸ ಮಾಡುವಂತೆ ನೀವು ಪ್ರೋಗ್ರಾಂ ಮಾಡಿಟ್ಟ ವ್ಯವಸ್ಥೆ ಕಳಿಸಿದ ಸಂದೇಶ ನೀವೇ ಕಳಿಸಿದಂತೆ. ‘ನಾನಲ್ಲ, ಯಂತ್ರ ಒಪ್ಪಿದ್ದು’ ಎನ್ನುವ ಜಾರಿಕೆಗೆ ಬ್ಲಾಕ್‌ಚೈನ್ ಹುಟ್ಟುವ ಮೊದಲೇ ಬಾಗಿಲು ಹಾಕಿಯಾಗಿತ್ತು.

ಹಾಗೆಂದು ಎಲ್ಲವನ್ನೂ ಕೋಡಿಗೆ ಹಾಕಲಾಗದು. ಅದೇ ಕಾಯ್ದೆಯ ಮೊದಲ ಅನುಸೂಚಿ ಉಯಿಲನ್ನು ಹೊರಗಿಟ್ಟಿದೆ, ಹಾಗಾಗಿ ‘ನಾನು ಸತ್ತ ಮೇಲೆ ಆಸ್ತಿ ಮಗಳಿಗೆ’ ಎಂದು ಬ್ಲಾಕ್‌ಚೈನಿನಲ್ಲಿ ಬರೆದಿಟ್ಟರೆ ಅದು ಉಯಿಲಾಗದು. ಸೈಟು ಮಾರಿದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹೆಬ್ಬೆಟ್ಟು, ಫೋಟೊ ಕೊಟ್ಟೇ ಬರಬೇಕು. ಟೋಕನ್ ಕೈ ಬದಲಾದ ಮಾತ್ರಕ್ಕೆ ಋಣಭಾರ ಪತ್ರದಲ್ಲಿ (ಇಸಿ) ಹೆಸರು ಬದಲಾಗುವುದಿಲ್ಲ.

ತಪ್ಪು ಕಲ್ಪನೆ: ಕೋಡೇ ಕಾನೂನು. ಕೋಡ್ ಬಿಟ್ಟುಕೊಟ್ಟದ್ದೆಲ್ಲ ನ್ಯಾಯಸಮ್ಮತ.

ವಾಸ್ತವ: ಈ ಘೋಷಣೆಯ ಮೂಲ ಲಾರೆನ್ಸ್ ಲೆಸಿಗ್ ಎಂಬ ಕಾನೂನು ಪ್ರಾಧ್ಯಾಪಕರ 1999ರ ಪುಸ್ತಕ. ಅವರು ಬರೆದದ್ದು ಎಚ್ಚರಿಕೆಯಾಗಿ: ಕೋಡ್ ಬರೆಯುವವರು ನಮ್ಮ ನಡವಳಿಕೆಗೆ ಕಾನೂನಿನಷ್ಟೇ ಕಡಿವಾಣ ಹಾಕಬಲ್ಲರು, ಹುಷಾರು ಎಂದು. ಅದನ್ನು ಬಾವುಟ ಮಾಡಿಕೊಂಡವರು ಎಚ್ಚರಿಕೆಯನ್ನು ಮರೆತರು. 2016ರಲ್ಲಿ ಬೆಲೆಯನ್ನೂ ತೆತ್ತರು.

ಆ ವರ್ಷ ‘ದಿ ಡಾವೊ’ ಎಂಬ ಹೂಡಿಕೆ ನಿಧಿ ಶುರುವಾಯಿತು. ಆಡಳಿತ ಮಂಡಳಿ ಇಲ್ಲ, ಮ್ಯಾನೇಜರ್ ಇಲ್ಲ, ಎಲ್ಲ ಕೋಡೇ. ಕೆಲವೇ ವಾರಗಳಲ್ಲಿ ಸುಮಾರು 15 ಕೋಟಿ ಡಾಲರ್ ಮೌಲ್ಯದ ಈಥರ್ (ಇಥೀರಿಯಂನ ನಾಣ್ಯ) ಬಂದು ಬಿತ್ತು. ವಿವರಣೆಗೂ ಕೋಡಿಗೂ ವ್ಯತ್ಯಾಸ ಬಂದರೆ ಕೋಡೇ ಅಂತಿಮ ಎಂದು ಅದರ ಷರತ್ತಿನಲ್ಲೇ ಬರೆದಿತ್ತು. ಹಣ ಹಿಂತೆಗೆಯುವ ಜಾಗದಲ್ಲಿ ಮಾತ್ರ ಎರಡು ಕೆಲಸ ಹಿಂದುಮುಂದಾಗಿದ್ದವು: ಮೊದಲು ಕೇಳಿದವರಿಗೆ ಈಥರ್ ಕಳಿಸುವುದು, ಆಮೇಲೆ ಅವರ ಲೆಕ್ಕದಿಂದ ಕಳೆಯುವುದು. ಜೂನ್ 17ರಂದು ಹಣ ಕೇಳಿ ಬಂದದ್ದು ಇನ್ನೊಂದು ಪ್ರೋಗ್ರಾಂ. ಈಥರ್ ಕೈಗೆ ಬಿದ್ದ ಕೂಡಲೇ, ನಿಧಿಯ ಕೋಡ್ ಲೆಕ್ಕ ಕಳೆಯುವ ಸಾಲಿಗೆ ಬರುವುದರೊಳಗೆ, ಅದು ‘ಕೊಡು’ ಎಂದು ಮತ್ತೆ ಕೇಳಿತು. ಬಾಕಿ ಇನ್ನೂ ಹಾಗೇ ಕಾಣುತ್ತಿತ್ತು, ಕೋಡ್ ಮತ್ತೆ ಕೊಟ್ಟಿತು. ಮತ್ತೆ ಕೇಳಿತು, ಮತ್ತೆ ಕೊಟ್ಟಿತು. ಹೀಗೆ ಸುಮಾರು 36 ಲಕ್ಷ ಈಥರ್ ಹೊರಟುಹೋಯಿತು. ಯಾರೂ ಬೀಗ ಒಡೆದಿರಲಿಲ್ಲ. ಕದ್ದವನದೆಂದು ಹೇಳಲಾದ ಬಹಿರಂಗ ಪತ್ರವೂ ಹೊರಬಿತ್ತು, ಷರತ್ತಿನ ಪ್ರಕಾರವೇ ಪಡೆದಿದ್ದೇನೆ ಎಂದು.

ಕೋಡೇ ಕಾನೂನು ಎಂದು ನಿಜವಾಗಿ ನಂಬಿದವರು ಇಲ್ಲಿ ಕೈಮುಗಿದು ಸುಮ್ಮನಾಗಬೇಕಿತ್ತು. ಆಗಲಿಲ್ಲ. ಕದ್ದ ಹಣ ನಿಧಿಯ ನಿಯಮದ ಪ್ರಕಾರ ಕೆಲವು ವಾರ ಕದಲುವಂತಿರಲಿಲ್ಲ. ಆ ಬಿಡುವಿನಲ್ಲಿ ಜಗಳ, ಚರ್ಚೆ, ಮತದಾನ ನಡೆದು, ಜುಲೈ 20ರಂದು ಇಥೀರಿಯಂನ ಲೆಕ್ಕದ ಪುಸ್ತಕವನ್ನೇ ತಿದ್ದಿ ಹಣವನ್ನು ಹೂಡಿದವರಿಗೆ ಮರಳುವಂತೆ ಮಾಡಿದರು. ಒಪ್ಪದವರು ತಿದ್ದದ ಪುಸ್ತಕವನ್ನು ಇಟ್ಟುಕೊಂಡು ಬೇರೆಯಾದರು, ಅದೇ ಇಥೀರಿಯಂ ಕ್ಲಾಸಿಕ್. ಮರುವರ್ಷ ಅಮೆರಿಕದ ಷೇರು ನಿಯಂತ್ರಕರು ಡಾವೊ ಹೂಡಿಕೆದಾರರಿಗೆ ಕೊಟ್ಟಿದ್ದ ಟೋಕನ್‌ಗಳು ಸೆಕ್ಯುರಿಟಿಗಳೇ, ಕಾನೂನು ಅನ್ವಯಿಸುತ್ತದೆ ಎಂದು ವರದಿ ಕೊಟ್ಟರು. ಕೋರ್ಟ್ ಬೇಡವೆಂದು ಹೊರಟವರು ತಾವೇ ಕೋರ್ಟಾದರು. ವಾದಿ ಪ್ರತಿವಾದಿಗೆ ನೋಟಿಸಿಲ್ಲ, ಸಾಕ್ಷ್ಯದ ನಿಯಮವಿಲ್ಲ, ಮೇಲ್ಮನವಿಯಿಲ್ಲ. ತೀರ್ಪು ಮಾತ್ರ ಇತ್ತು.

ತಪ್ಪು ಕಲ್ಪನೆ: ಬದಲಾಯಿಸಲಾಗದ್ದು, ಆದ್ದರಿಂದ ಸುರಕ್ಷಿತ.

ವಾಸ್ತವ: 2017ರ ನವೆಂಬರ್ 6ರಂದು ಪ್ಯಾರಿಟಿ ಕಂಪನಿಯ ವ್ಯಾಲೆಟ್‌ಗಳು ಅವಲಂಬಿಸಿದ್ದ ಒಂದು ಹಂಚಿಕೆಯ ಕೋಡಿಗೆ ಮಾಲೀಕರೇ ಇಲ್ಲವೆಂಬುದು ಒಬ್ಬ ಬಳಕೆದಾರನಿಗೆ ಕಂಡಿತು. ಆತ ಅದರ ಮಾಲೀಕನಾಗಿ, ಅದನ್ನು ಅಳಿಸುವ ಆಜ್ಞೆಯನ್ನೂ ಕೊಟ್ಟ. ಆಮೇಲೆ, ಗೊತ್ತಿಲ್ಲದೆ ಆಯಿತು ಎಂದ. 587 ವ್ಯಾಲೆಟ್‌ಗಳಲ್ಲಿದ್ದ 5,13,774 ಈಥರ್ ಹೆಪ್ಪುಗಟ್ಟಿತು. ಯಾರೂ ಕದ್ದಿಲ್ಲ, ಯಾರೂ ತೆಗೆಯಲೂ ಆಗುವುದಿಲ್ಲ. ಡಾವೊ ಹೂಡಿಕೆದಾರರಿಗೆ ಸಿಕ್ಕ ತಿದ್ದುಪಡಿ ತಮಗೂ ಬೇಕೆಂದು ಪ್ಯಾರಿಟಿಯವರು 2018ರಲ್ಲಿ ಕೇಳಿದರು. ಅದು ಜಾರಿಗೆ ಬರಲೇ ಇಲ್ಲ. ಅವರಿಗೇಕೆ ಕೊಟ್ಟಿರಿ, ಇವರಿಗೇಕೆ ಇಲ್ಲ ಎಂದು ಕೇಳಿದರೆ ನ್ಯಾಯಾಲಯವಾದರೆ ಕಾರಣ ಬರೆಯಬೇಕಾಗುತ್ತಿತ್ತು. ನಮ್ಮ ಕರಾರು ಕಾಯ್ದೆಯಲ್ಲಿ ಇಂಥದಕ್ಕೆಂದೇ ಎರಡು ಕಲಂಗಳಿವೆ: ಅನೂರ್ಜಿತವಾದ ಒಪ್ಪಂದದಿಂದ ಪಡೆದದ್ದನ್ನು ಮರಳಿಸು ಎನ್ನುವುದು 65, ತಪ್ಪಿ ಕೈಸೇರಿದ ಹಣವನ್ನು ಮರಳಿಸು ಎನ್ನುವುದು 72. ಕೋಡಿನಲ್ಲಿ ಈ ಎರಡಕ್ಕೂ ಸಮನಾದದ್ದು ತಾನಾಗಿ ಇರುವುದಿಲ್ಲ, ಯಾರಾದರೂ ಮುಂಚೆಯೇ ಯೋಚಿಸಿ ಬರೆದಿದ್ದರೆ ಮಾತ್ರ ಉಂಟು.

ಯುರೋಪ್ ಒಕ್ಕೂಟ 2023ರ ದತ್ತಾಂಶ ಕಾಯ್ದೆಯಲ್ಲಿ ಬರೆದದ್ದು ಇದನ್ನೇ ಮನಸ್ಸಿನಲ್ಲಿಟ್ಟು. ದತ್ತಾಂಶ ಹಂಚಿಕೊಳ್ಳುವ ಒಪ್ಪಂದವನ್ನು ನಡೆಸುವ ಸ್ಮಾರ್ಟ್ ಕಾಂಟ್ರ್ಯಾಕ್ಟನ್ನು ನಡುವೆ ನಿಲ್ಲಿಸಲು ದಾರಿ ಇರಲೇಬೇಕು ಎಂದಿತು. ನಿಲ್ಲಿಸುವ ಸ್ವಿಚ್ ಏಕೆ ಬೇಕು ಎಂಬುದನ್ನು ನಾವು ಭಾರತೀಯರು ಅನುಭವಿಸಿಯೇ ತಿಳಿದಿದ್ದೇವೆ. 2021ರ ಮಾರ್ಚ್ 8ರಂದು ದೂರಸಂಪರ್ಕ ಕಂಪನಿಗಳು ಮೇಲೆ ಹೇಳಿದ ಎಸ್ಸೆಮ್ಮೆಸ್ ತಪಾಸಣೆಯನ್ನು ಕಟ್ಟುನಿಟ್ಟಾಗಿ ಶುರುಮಾಡಿದವು. ನಮೂನೆ ನೋಂದಾಯಿಸದ ಸಂದೇಶಗಳೆಲ್ಲ ತಡೆಹಿಡಿಯಲ್ಪಟ್ಟವು. ಬ್ಯಾಂಕಿನ ಒಟಿಪಿಯೂ ಬರಲಿಲ್ಲ. ಕೋಡ್ ಹೇಳಿದಂತೆ ಕೇಳಿತ್ತು, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಮರುದಿನ ಟ್ರಾಯ್ ಏಳು ದಿನಗಳ ಮಟ್ಟಿಗೆ ಅದನ್ನು ನಿಲ್ಲಿಸಿತು. ನಿಲ್ಲಿಸಲು ಒಬ್ಬರಿದ್ದರು.

ತಪ್ಪು ಕಲ್ಪನೆ: ಕೋಡಿನಲ್ಲಿ ಅಸ್ಪಷ್ಟತೆಗೆ ಜಾಗವಿಲ್ಲ, ಹಾಗಾಗಿ ತಕರಾರಿಗೂ ಇಲ್ಲ.

ವಾಸ್ತವ: ಒಂದು ಬಾಡಿಗೆ ಮನೆಯ ಕರಾರು ತೆಗೆದುಕೊಳ್ಳಿ, ಬೆಂಗಳೂರಿನದು. ತಿಂಗಳ ಬಾಡಿಗೆ 20,000, ಅಡ್ವಾನ್ಸ್ 1,00,000. ಹನ್ನೊಂದು ತಿಂಗಳ ಕರಾರುಪತ್ರದಲ್ಲಿ ಬರೆದಿದೆ: ಎರಡು ತಿಂಗಳು ಮುಂಚೆ ತಿಳಿಸದೆ ಖಾಲಿ ಮಾಡಿದರೆ ಅಡ್ವಾನ್ಸ್ ಪೂರ್ತಿ ಮುಟ್ಟುಗೋಲು. ಮನೆಗೆ ಆದ ಹಾನಿಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಬಹುದು, ಬಳಕೆಯಿಂದ ಸಹಜವಾಗಿ ಆಗುವ ಸವೆತವನ್ನು ಬಿಟ್ಟು.

ಮೊದಲನೆಯ ಷರತ್ತು ಕೋಡಿಗೆ ನೀರು ಕುಡಿದಷ್ಟು ಸುಲಭ. ತಾರೀಖು ಎಣಿಸುತ್ತದೆ, 60 ದಿನಕ್ಕೆ ಒಂದು ಕಡಿಮೆಯಾದರೂ ಲಕ್ಷ ರೂಪಾಯಿ ಮಾಲೀಕರಿಗೆ ಹೋಗುತ್ತದೆ. ಆದರೆ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಕರಾರಿನಲ್ಲಿ ಎಷ್ಟೇ ಮೊತ್ತ ಬರೆದಿದ್ದರೂ ಸಿಗುವುದು ಅದನ್ನು ಮೀರದ, ನ್ಯಾಯವಾದ ಪರಿಹಾರ ಮಾತ್ರ. ಬಾಡಿಗೆದಾರರು ಹೋದ ನಾಲ್ಕೇ ದಿನಕ್ಕೆ ಹೊಸಬರು ಬಂದು, ಎರಡು ಸಾವಿರ ಜಾಸ್ತಿ ಬಾಡಿಗೆಯನ್ನೂ ಒಪ್ಪಿದ್ದರೆ ಮಾಲೀಕರಿಗೆ ಆದ ನಷ್ಟವಾದರೂ ಎಷ್ಟು? ಸುಪ್ರೀಂ ಕೋರ್ಟ್ 1963ರ ಫತೇ ಚಂದ್ ಪ್ರಕರಣದಲ್ಲಿ, ಮನೆ ಕೊಳ್ಳಲು ಒಪ್ಪಿ ಹಿಂದೆ ಸರಿದವರು ಕೊಟ್ಟಿದ್ದ 25,000 ರೂಪಾಯಿಯಲ್ಲಿ 1,000 ಮಾತ್ರ ಮುಂಗಡವಾಗಿ ಮುಟ್ಟುಗೋಲಿಗೆ ಅರ್ಹ ಎಂದು ಪರಿಗಣಿಸಿತು. ಉಳಿದ 24,000ವನ್ನು ಕರಾರಿನಲ್ಲಿ ಬರೆದಿದೆ ಎಂಬ ಬಲದ ಮೇಲೆ ನುಂಗಿಹಾಕಲು ಬಿಡಲಿಲ್ಲ. ಬರೆದದ್ದನ್ನು ಬರೆದಂತೆ ಮಾಡುವ ಯಂತ್ರಕ್ಕೆ ಈ ತೀರ್ಪನ್ನು ಕಲಿಸುವುದು ಹೇಗೆ?

ಎರಡನೆಯ ಷರತ್ತು ಇನ್ನೂ ಕಷ್ಟ. ‘ಗೋಡೇಲಿ ಮೊಳೆ ಹೊಡ್ದಿದೀರಲ್ಲ, ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡ್ಕೋತೀನಿ’ ಎನ್ನುತ್ತಾರೆ ಮಾಲೀಕರು. ‘ಕ್ಯಾಲೆಂಡರ್ ನೇತುಹಾಕೋಕೆ ಮೊಳೆ ಬೇಡ್ವಾ ಆಂಟಿ’ ಎನ್ನುತ್ತಾರೆ ಬಾಡಿಗೆಯವರು. ಮೊಳೆ ಸಹಜ ಸವೆತವೋ ಹಾನಿಯೋ ಎನ್ನುವುದಕ್ಕೆ ಹೌದು-ಅಲ್ಲ ಎಂಬ ಉತ್ತರ ಗೋಡೆಯಲ್ಲಿ ಬರೆದಿರುವುದಿಲ್ಲ. ‘ಸಹಜ’, ‘ನ್ಯಾಯವಾದ’, ‘ಸಾಧ್ಯವಾದಷ್ಟು ಬೇಗ’ ಇಂಥ ಪದಗಳು ಕರಾರು ಬರೆದವರ ಸೋಮಾರಿತನದಿಂದ ಉಳಿದುಕೊಂಡವೆಂದು ಎಂಜಿನಿಯರ್ ಗೆಳೆಯರು ಅಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅವು ಬೇಕೆಂದೇ ಬಿಟ್ಟ ಸಡಿಲ. ಬರೆಯುವಾಗ ಊಹಿಸಲಾಗದ್ದು ಎದುರಾದಾಗ ಇನ್ನೊಬ್ಬರು ಬಂದು ತೂಗಿ ನೋಡಲಿ ಎಂದು.

ಅಂದಹಾಗೆ, ಕೋಡ್ ತನ್ನಲ್ಲಿ ಕಟ್ಟಿಟ್ಟ ಹಣವನ್ನಷ್ಟೇ ಕೊಡಿಸಬಲ್ಲದು. ಬಾಡಿಗೆ ಕೊಡದವರನ್ನು ಮನೆ ಬಿಡಿಸಲು ಅದಕ್ಕೆ ಕೈಕಾಲಿಲ್ಲ.

ತಪ್ಪು ಕಲ್ಪನೆ: ಯಂತ್ರಗಳ ನಡುವಿನ ವ್ಯವಹಾರದಲ್ಲಿ ಮನಸ್ಸಿನ ಪ್ರಶ್ನೆಯೇ ಏಳುವುದಿಲ್ಲ.

ವಾಸ್ತವ: ಎದ್ದಿದೆ, ಸಿಂಗಪುರದಲ್ಲಿ. ಅಲ್ಲಿನ ಕ್ವಾಯ್ನ್ ಎಂಬ ಕ್ರಿಪ್ಟೊ ವಿನಿಮಯ ಕೇಂದ್ರದ ವ್ಯವಸ್ಥೆಯೊಂದು 2017ರ ಏಪ್ರಿಲ್ 19ರಂದು ಕೆಟ್ಟು, ಹೊರಗಿನ ಮಾರುಕಟ್ಟೆಯ ದರ ಬರುವುದು ನಿಂತಿತು. ಬಿ2ಸಿ2 ಎಂಬ ವ್ಯಾಪಾರಿ ಕಂಪನಿಯ ಪ್ರೋಗ್ರಾಂ, ದರ ತಿಳಿಯದಿದ್ದಾಗ ಬಳಸಲು ಬರೆದಿಟ್ಟಿದ್ದ ತುರ್ತು ದರವನ್ನು ಮುಂದಿಟ್ಟಿತು: ಒಂದು ಈಥರಿಗೆ 10 ಬಿಟ್‌ಕಾಯಿನ್. ಅಂದಿನ ದರಕ್ಕಿಂತ ಸುಮಾರು 250 ಪಟ್ಟು! ಆಚೆಯ ಪ್ರೋಗ್ರಾಂ ಚೌಕಾಸಿಯಿಲ್ಲದೆ ಕೊಂಡಿತು. ಮರುದಿನ ಕ್ವಾಯ್ನ್ ವಹಿವಾಟನ್ನು ರದ್ದು ಮಾಡಿತು, ಬಿ2ಸಿ2 ಕೋರ್ಟಿಗೆ ಹೋಯಿತು.

ಕರಾರು ಕಾನೂನಿನ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಬಂತು: ಎದುರಿನವರು ತಪ್ಪು ತಿಳಿದಿದ್ದಾರೆಂದು ಗೊತ್ತಿದ್ದೂ ಲಾಭ ಮಾಡಿಕೊಂಡಿರಾ? ಪ್ರೋಗ್ರಾಮಿಗೆ ಏನೂ ‘ಗೊತ್ತಿರು’ವುದಿಲ್ಲ. ಹಾಗಾದರೆ ನೋಡಬೇಕಾದದ್ದು ಅದನ್ನು ಬರೆದವರ ತಿಳಿವಳಿಕೆಯನ್ನು, ಬರೆದ ಹೊತ್ತಿನಿಂದ ವಹಿವಾಟಿನ ಹೊತ್ತಿನವರೆಗೆ ಎಂದು ಸಿಂಗಪುರದ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಬಹುಮತದಿಂದ ಹೇಳಿತು. ಬರೆದವರಿಗೆ ಅಂಥ ದುರುದ್ದೇಶ ಇರಲಿಲ್ಲ, ಬಿ2ಸಿ2 ಗೆದ್ದಿತು. ಐವರಲ್ಲಿ ಒಬ್ಬ ನ್ಯಾಯಮೂರ್ತಿ ಮ್ಯಾನ್ಸ್ ಒಪ್ಪಲಿಲ್ಲ. ಇಂಥ ದರ ಕಂಡ ಯಾವ ವ್ಯಾಪಾರಿಗಾದರೂ ಏನೋ ಎಡವಟ್ಟಾಗಿದೆಯೆಂದು ತಕ್ಷಣ ಹೊಳೆಯುತ್ತಿತ್ತು ಎಂಬ ದಿಕ್ಕಿನಲ್ಲಿತ್ತು ಅವರ ಭಿನ್ನಮತ. ನನಗೆ ಭಿನ್ನಮತವೇ ಹೆಚ್ಚು ಮನಸ್ಸಿಗೆ ಹತ್ತುತ್ತದೆ. ಆದರೂ ಗಮನಿಸಬೇಕಾದ್ದು, ಎರಡೂ ಕಡೆಯವರು ತಮ್ಮ ಉತ್ತರವನ್ನು ಮನುಷ್ಯರ ಅರಿವಿನಲ್ಲೇ ಹುಡುಕಿದರು. ನಮ್ಮಲ್ಲಿ ಇದೇ ಪ್ರಕರಣ ನಡೆದಿದ್ದರೆ ದಾರಿ ಇನ್ನೂ ಕಿರಿದು: ಒಬ್ಬರದೇ ತಪ್ಪು ತಿಳಿವಳಿಕೆಯಿಂದ ಕರಾರು ಮುರಿಯುವುದಿಲ್ಲ ಎನ್ನುತ್ತದೆ 22ನೇ ಕಲಂ.

ತಪ್ಪು ಕಲ್ಪನೆ: ಯಾರನ್ನೂ ನಂಬಬೇಕಿಲ್ಲ, ಮಧ್ಯವರ್ತಿಯೂ ಬೇಕಿಲ್ಲ.

ವಾಸ್ತವ: ಬ್ಲಾಕ್‌ಚೈನಿಗೆ ಕಿಟಕಿಯಿಲ್ಲ. ಹೊರಗೆ ಮಳೆ ಬಂತೋ ಇಲ್ಲವೋ ಎಂದು ಯಾರಾದರೂ ಒಳಗೆ ಹೇಳಬೇಕು. ಫ್ರಾನ್ಸಿನ ಆಕ್ಸಾ ವಿಮಾ ಕಂಪನಿ 2017ರಲ್ಲಿ ‘ಫಿಜ್ಜಿ’ ಎಂಬ ಪಾಲಿಸಿ ತಂದಿತ್ತು: ವಿಮಾನ ಎರಡು ಗಂಟೆಗಿಂತ ತಡವಾದರೆ ಅರ್ಜಿಯಿಲ್ಲದೆ ಪರಿಹಾರ, ನಿರ್ಧಾರ ಇಥೀರಿಯಂ ಮೇಲಿನ ಕೋಡಿನದು. ಎರಡು ವರ್ಷದಲ್ಲಿ ಅಂಗಡಿ ಮುಚ್ಚಿತು. ಅದು ನಡೆಯುತ್ತಿದ್ದಾಗಲೂ, ವಿಮಾನ ಇಳಿದ ಸಮಯವನ್ನು ಒದಗಿಸುವವರನ್ನು ನಂಬಲೇಬೇಕಿತ್ತು.

ಈ ಸಮಸ್ಯೆ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಬ್ಲಾಕ್‌ಚೈನಿನ ಹಂಗಿಲ್ಲದೆಯೇ ಗೊತ್ತು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟಕ್ಕೆ ಬಂದು ಕೊಳೆರೋಗ ನೋಡುವವರಿಲ್ಲ, ಪಂಚಾಯಿತಿಯ ಮಳೆಮಾಪಕ ತೋರಿಸಿದ ಅಂಕಿ ಮೇಲೆ ಪರಿಹಾರ. ಮಾಪಕ ಕೆಟ್ಟಿತ್ತು, ಪಕ್ಕದೂರಿನ ಅಂಕಿ ಹಾಕಿದ್ದಾರೆ ಎಂಬ ದೂರು ಅಲ್ಲಿ ಹೊಸದಲ್ಲ. ಇದೇ ಯೋಜನೆಯನ್ನು ನಾಳೆ ಸ್ಮಾರ್ಟ್ ಕಾಂಟ್ರ್ಯಾಕ್ಟಿಗೆ ಏರಿಸಿದರೆ ಹಣ ಬೇಗ ಬಂದೀತು, ಆದರೆ ಕೆಟ್ಟ ಮಾಪಕದ ಅಂಕಿಯೂ ಅಷ್ಟೇ ಬೇಗ ಅಂತಿಮವಾದೀತು. ದೂರು ಕೊಡಲು ಈಗ ಇರುವ ಕಚೇರಿಯ ಕಿಟಕಿಯೂ ಇರಲಿಕ್ಕಿಲ್ಲ.

ತಪ್ಪು ಕಲ್ಪನೆ: ಹಿಂದೆ ಯಾರೂ ಇಲ್ಲ, ದಾವೆ ಹೂಡುವುದು ಯಾರ ಮೇಲೆ?

ವಾಸ್ತವ: ಊಕಿ ಡಾವೊ ಎಂಬ ಸಂಸ್ಥೆ ಹೀಗೇ ಅಂದುಕೊಂಡಿತ್ತು. ಅಮೆರಿಕದ ಸರಕು ವಾಯಿದೆ ವ್ಯಾಪಾರದ ನಿಯಂತ್ರಕರು 2022ರಲ್ಲಿ ಅದರ ವೆಬ್‌ಸೈಟಿನ ಸಹಾಯ ಚಾಟ್ ಪೆಟ್ಟಿಗೆಯಲ್ಲೇ ಸಮನ್ಸ್ ಹಾಕಿದರು. ಟೋಕನ್ ಹಿಡಿದು ಮತ ಹಾಕುವವರ ಕೂಟವೂ ಒಂದು ಸಂಘವೇ ಎಂದು ಕ್ಯಾಲಿಫೋರ್ನಿಯಾದ ನ್ಯಾಯಾಲಯ ಒಪ್ಪಿ, 2023ರ ಜೂನಿನಲ್ಲಿ 6,43,542 ಡಾಲರ್ ದಂಡ ವಿಧಿಸಿತು. ಯಾರೂ ಹಾಜರಾಗಿರಲಿಲ್ಲ.

ತಪ್ಪು ಕಲ್ಪನೆ: ಹಾಗಾದರೆ ಇದೆಲ್ಲ ಬರೀ ಗಾಳಿಮಾತು, ಬಳಸದಿರುವುದೇ ಮೇಲು.

ವಾಸ್ತವ: ಅದೂ ಅತಿಯಾಯಿತು. ಸರಕು ತಲುಪಿದ ಮೇಲೂ ಮೂರು ತಿಂಗಳು ಬಿಲ್ಲಿಗಾಗಿ ಅಲೆಯುವ ಪೀಣ್ಯದ ಸಣ್ಣ ಕಾರ್ಖಾನೆಯವರಿಗೆ, ಮೊದಲೇ ಕಟ್ಟಿಟ್ಟ ಹಣ ತಾನಾಗಿ ಬಿಡುಗಡೆಯಾಗುವ ವ್ಯವಸ್ಥೆ ಸಣ್ಣ ಉಪಕಾರವಲ್ಲ. ಕೋಡಿನ ಪಕ್ಕದಲ್ಲಿ ನಾಲ್ಕು ಪುಟದ ಮಾಮೂಲಿ ಕರಾರೂ ಇರಲಿ. ಎರಡರ ನಡುವೆ ವ್ಯತ್ಯಾಸ ಬಂದರೆ ಯಾವುದು ಗೆಲ್ಲುತ್ತದೆ, ಹೊರಗಿನ ಮಾಹಿತಿ ಯಾರಿಂದ ಬರುತ್ತದೆ, ಅದು ತಪ್ಪಿದ್ದರೆ ಎಷ್ಟು ದಿನದೊಳಗೆ ತಕರಾರು ಹೇಳಬೇಕು, ನಿಲ್ಲಿಸುವ ಅಧಿಕಾರ ಯಾರದು, ಯಾವ ಊರಿನ ಕೋರ್ಟು ಎಂಬುದನ್ನು ಅದರಲ್ಲಿ ಬರೆದಿಟ್ಟುಕೊಳ್ಳಬೇಕು. ಹಣವನ್ನು ಮೂರು ಕೀಲಿಯ ವ್ಯಾಲೆಟ್ಟಿನಲ್ಲಿ ಇಡುವುದು ಈಗ ರೂಢಿಯಲ್ಲಿರುವ ಒಂದು ದಾರಿ: ಕೊಳ್ಳುವವರದೊಂದು, ಮಾರುವವರದೊಂದು, ಮೂರನೆಯದು ಇಬ್ಬರೂ ಒಪ್ಪಿದ ಮಧ್ಯಸ್ಥಗಾರರದು. ಯಾವುದಾದರೂ ಎರಡು ಕೀಲಿ ಬಿದ್ದರೆ ಹಣ ಕದಲುತ್ತದೆ. ಇಬ್ಬರಿಗೂ ಒಪ್ಪಿಗೆಯಿದ್ದರೆ ಮೂರನೆಯವರ ಅಗತ್ಯವೇ ಬೀಳುವುದಿಲ್ಲ. ಜಗಳವಾದರೆ 1996ರ ಮಧ್ಯಸ್ಥಿಕೆ ಕಾಯ್ದೆಯಡಿ ಇಬ್ಬರ ಮಾತನ್ನೂ ಕೇಳಿ ಮಧ್ಯಸ್ಥಗಾರರು ಐತೀರ್ಪು ಕೊಡಬೇಕು, ಅದನ್ನು ಒಪ್ಪದವರಿಗೆ 34ನೇ ಕಲಂ ಕೆಳಗೆ ಕೋರ್ಟಿಗೆ ಹೋಗಲು ಮೂರು ತಿಂಗಳ ಕಾಲಾವಕಾಶವಿದೆ. ಆ ಮೂರು ತಿಂಗಳು ಕಳೆಯುವವರೆಗೆ ಮೂರನೆಯ ಕೀಲಿಯನ್ನು ತಿರುಗಿಸುವಂತಿಲ್ಲ ಎಂದು ಕರಾರಿನಲ್ಲೂ ಬರೆಯಬೇಕು, ಕೋಡಿನಲ್ಲೂ ಬರೆಯಬೇಕು.